ಕೆಂಪು ಕಂಡರೆ ಕೆಟ್ಟ

ಮಹಾಶಕ್ತಿಯ ನಾಯಕನಿಗೆ ಎಂಥ ದೌರ್ಬಲ್ಯ ಕೊಡುತ್ತಾನೆ ಎಂಬುದರಲ್ಲೇ ಕತೆಗಾರನ ಜಾಣತನ ಗೊತ್ತಾಗುತ್ತದೆ. ಸೂಪರ್‌ಮ್ಯಾನ್‌ನನ್ನು ಮಣಿಸಬೇಕಾದರೆ ಇನ್ನೊಂದು ಗ್ರಹದ ಕ್ರಿಪ್ಟೋನೈಟ್ ಕಲ್ಲೇ ಬೇಕು. 1980ರ ಇಟಲಿಯ ಚಿತ್ರ ‘ಸೂಪರ್ ಫಜ್’ನ ಪೊಲೀಸ್ ಡೇವ್ ಸ್ಪೀಡ್‌ಗೆ ಅಷ್ಟೆಲ್ಲ ಬೇಡ. ಕೆಂಪು ಬಣ್ಣ ಕಣ್ಣಿಗೆ ಬಿದ್ದರೆ ಸಾಕು, ಶಕ್ತಿಯೆಲ್ಲ ಮಾಯ!

ಕೆಂಪಿಲ್ಲದ ಬೀದಿ ಯಾವ ಊರಲ್ಲಿದೆ? ಸಿಗ್ನಲ್ ದೀಪ, ಹೂವು, ಯಾರದೋ ತುಟಿಯ ರಂಗು, ಎಲ್ಲವೂ ಇವನಿಗೆ ಶತ್ರು. ಹಾಗಾಗಿ ಈ ಚಿತ್ರ ನೋಡುವುದೆಂದರೆ ನನಗೆ ಕಣ್ಣಾಮುಚ್ಚಾಲೆ ಆಡಿದಂತೆ. ಡೇವ್ ಏನೋ ಪವಾಡ ಮಾಡುತ್ತಿರುತ್ತಾನೆ. ನನ್ನ ಕಣ್ಣು ಅವನನ್ನು ಬಿಟ್ಟು ಪರದೆಯ ಮೂಲೆಮೂಲೆಯಲ್ಲಿ ಕೆಂಪನ್ನು ಹುಡುಕುತ್ತಿರುತ್ತದೆ. ಸಿಕ್ಕಿತೋ, ಎದೆ ಧಸಕ್ಕೆನ್ನುತ್ತದೆ. ಅಜೇಯನಾದವನ ಬಗ್ಗೆ ಆತಂಕ ಹುಟ್ಟಿಸುವುದು ಸುಲಭವಲ್ಲ. ನಿರ್ದೇಶಕ ಸೆರ್ಜಿಯೊ ಕೊರ್ಬುಚ್ಚಿ ಅದನ್ನು ಬರೀ ಒಂದು ಬಣ್ಣದಿಂದ ಸಾಧಿಸಿದ್ದಾನೆ. 1966ರಲ್ಲಿ ‘ಜಾಂಗೊ’ ಮಾಡಿ, ಕೆಸರಿನಲ್ಲಿ ಶವಪೆಟ್ಟಿಗೆ ಎಳೆದುಕೊಂಡು ಬರುವ ನಾಯಕನನ್ನು ತೋರಿಸಿದ ಅದೇ ಕೊರ್ಬುಚ್ಚಿ. ಆ ಕ್ರೌರ್ಯ, ಈ ತುಂಟತನ ಎರಡೂ ಒಂದೇ ಕೈಯಿಂದ ಬಂದದ್ದೆನ್ನುವುದು ನನಗೆ ಇಂದಿಗೂ ಬೆರಗು.

ಕತೆ ನಡೆಯುವುದು ಅಮೆರಿಕದ ಮಯಾಮಿಯಲ್ಲಿ, ಚಿತ್ರೀಕರಣವೂ ಫ್ಲಾರಿಡಾದ ಆ ಸುಡುಬಿಸಿಲಿನಲ್ಲೇ. ಆ ಹೊತ್ತಿಗೆ ಇಟಲಿಯ ಹಾಸ್ಯಚಿತ್ರಗಳಿಗೆ ಮಯಾಮಿ ತವರಿನಂತೆ ಆಗಿಬಿಟ್ಟಿತ್ತು. ಡೇವ್ ಪಾತ್ರದ ಟೆರೆನ್ಸ್ ಹಿಲ್ 1977ರಲ್ಲೇ ತನ್ನ ಜೋಡಿ ನಟ ಬಡ್ ಸ್ಪೆನ್ಸರ್ ಜೊತೆ ಅಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟಾಗಿತ್ತು. ಹಿಲ್ ಎಂಬ ಹೆಸರು ಕೇಳಿ ಅಮೆರಿಕದವನೆಂದುಕೊಳ್ಳಬೇಡಿ, ಅವನು ವೆನಿಸ್‌ನಲ್ಲಿ ಹುಟ್ಟಿದ ಮಾರಿಯೊ ಜಿರೊಟ್ಟಿ. ಕತೆಯಲ್ಲಿ, ದಂಡದ ಚೀಟಿ ಕೊಟ್ಟುಬರಲು ಹೋದ ಪಾಪದ ಪೇದೆ ಡೇವ್‌ನ ಮೇಲೆ ಕೆಂಪು ಪ್ಲುಟೋನಿಯಂ ಸ್ಫೋಟದ ಪ್ರಭಾವ ಬೀಳುತ್ತದೆ. ಅಲ್ಲಿಂದ ಮುಂದೆ ಅವನು ನೀರಿನ ಮೇಲೆ ನಡೆಯುತ್ತಾನೆ, ಮರಣದಂಡನೆ ವಿಧಿಸಿದರೂ ಸಾಯುವುದಿಲ್ಲ. ಕೇಪಿಲ್ಲ, ಮುಖವಾಡವಿಲ್ಲ, ಮೈಮೇಲೆ ಅದೇ ಪೊಲೀಸ್ ಸಮವಸ್ತ್ರ, ಮುಖದಲ್ಲಿ ಆ ನೀಲಿಗಣ್ಣಿನ ನಗು. ತನ್ನ ಶಕ್ತಿಗೆ ತಾನೇ ಖುಷಿಪಡುವ ಹುಡುಗನ ಹಾಗೆ ಹಿಲ್ ಪ್ರತಿ ಪವಾಡವನ್ನೂ ಮಾಡುತ್ತಾನೆ. ತಂತಿಯ ಜಾಡು, ತಂತ್ರದ ಹೊಲಿಗೆ ಅಲ್ಲಲ್ಲಿ ಕಾಣುತ್ತವೆ. ಕಾಣಲಿ ಬಿಡಿ! ಇಂದಿನ ಕಂಪ್ಯೂಟರ್ ಚಮತ್ಕಾರಗಳಿಗಿಂತ ನನಗೆ ಇವೇ ಹತ್ತಿರ, ಮನುಷ್ಯರು ಬೆವರು ಹರಿಸಿ ಮಾಡಿದ್ದೆಂದು ಗೊತ್ತಾಗುತ್ತದಲ್ಲ.

ಆದರೆ ಚಿತ್ರದ ಜೀವ ಇರುವುದು ಅರ್ನೆಸ್ಟ್ ಬೋರ್ಗ್‌ನೈನ್‌ನಲ್ಲಿ. ‘ಮಾರ್ಟಿ’ಗೆ ಆಸ್ಕರ್ ಗೆದ್ದ, ಇಟಲಿಯಿಂದ ವಲಸೆ ಬಂದವರ ಮಗನಾದ ಆ ಭಾರೀ ಆಳು ಇಲ್ಲಿ ಡೇವ್‌ನ ಹಿರಿಯ ಜೊತೆಗಾರ ಸಾರ್ಜೆಂಟ್ ಡನ್‌ಲಪ್. ಸ್ಪೆನ್ಸರ್ ಇಲ್ಲದ ಕೊರತೆ ಹಿಲ್‌ನ ಅಭಿಮಾನಿಗಳಿಗೆ ಕಾಡಬೇಕಿತ್ತು. ಬೋರ್ಗ್‌ನೈನ್ ಬಂದ ಮೇಲೆ ಆ ಮಾತೇ ಇಲ್ಲ. ಡೇವ್ ಅಸಾಧ್ಯವಾದುದನ್ನು ಮಾಡಿ ಮುಗ್ಧವಾಗಿ ನಗುತ್ತಾನೆ, ಡನ್‌ಲಪ್‌ನ ಹುಬ್ಬು ಮೇಲೇರುತ್ತದೆ, ಗಂಟಲಲ್ಲಿ ಸಿಟ್ಟು ಗುರುಗುಟ್ಟುತ್ತದೆ. ಪವಾಡದ ಭಾರವನ್ನೆಲ್ಲ ಹೊರುವುದು ಅದನ್ನು ಕಂಡು ತಬ್ಬಿಬ್ಬಾಗುವ ಈ ಮುಖ. ಅರವತ್ತು ದಾಟಿದ ನಟ ಬಬಲ್ ಗಮ್ಮಿನ ಬಲೂನಿನಂಥ ಹುಚ್ಚಾಟಕ್ಕೂ ಮೈಯೊಡ್ಡಿ, ಒಂದು ಕ್ಷಣವೂ ‘ಇದು ನನ್ನ ಮಟ್ಟದ್ದಲ್ಲ’ ಎನ್ನುವಂತೆ ನಟಿಸುವುದಿಲ್ಲ. ಆ ಶ್ರದ್ಧೆಗಾಗಿಯೇ ನಾನು ಈ ಚಿತ್ರವನ್ನು ಮತ್ತೆ ಮತ್ತೆ ಹಾಕಿಕೊಳ್ಳುತ್ತೇನೆ.