ಏರ್ ಕ್ರ್ಯಾಕು

ಕಾಂಕ್ರೀಟಿಗೆ ಎರಡೇ ಗ್ಯಾರಂಟಿಯಂತೆ: ಒಂದು, ಗಟ್ಟಿಯಾಗುತ್ತೆ. ಎರಡು, ಬಿರುಕು ಬಿಡುತ್ತೆ. ಸಿವಿಲ್ ಓದಿದವರ ಹಳೇ ಜೋಕಿದು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಬಿಇ. ಊರಲ್ಲಿ ಅಪ್ಪ ಅಮ್ಮನಿಗೆ ಮನೆ ಕಟ್ಟಿಸೋಕೆ ಕೈ ಹಾಕಿದ ಮೇಲೆ ಆ ಎರಡನೇ ಗ್ಯಾರಂಟಿಗೆ ನಗು ಬರೋದು ನಿಂತುಹೋಯ್ತು.

ನಮ್ಮ ಮೇಸ್ತ್ರಿ ಬಾಯಲ್ಲಿ ಎಲ್ಲ ಬಿರುಕಿಗೂ ಒಂದೇ ಹೆಸರು: 'ಏರ್ ಕ್ರ್ಯಾಕು'. ಕೂದಲೆಳೆಯಷ್ಟು ಸಣ್ಣ ಹೇರ್‌ಲೈನ್ ಕ್ರ್ಯಾಕು ನಮ್ಮೂರು ತಲುಪೋ ಹೊತ್ತಿಗೆ ಹಕಾರ ಉದುರಿಸಿಕೊಂಡು ಗಾಳಿಯಾಗಿಬಿಟ್ಟಿದೆ. "ಏರ್ ಕ್ರ್ಯಾಕ್ ಸಾರ್, ಪುಟ್ಟಿ ಹೊಡುದ್ರೆ ಹೋಯ್ತದೆ."

ಬಹಳ ಸಲ ಅವನ ಮಾತು ನಿಜಾನೇ. ಸುಡು ಬಿಸಿಲಲ್ಲಿ ಮೋಲ್ಡ್ ಹಾಕಿದರೆ ಮೇಲಿನ ನೀರು ಬೇಗ ಆರಿ, ಬೇಸಿಗೆಯ ಕೆರೆಯಂಗಳದ ಹಾಗೆ ಕಾಂಕ್ರೀಟ್ ಬಿರಿಯುತ್ತೆ. ಕಲಸೋಕೆ ಸಲೀಸಾಗಲಿ ಅಂತ ಇನ್ನೊಂದು ಬಕೆಟ್ ನೀರು ಸುರಿದರೂ ಅಷ್ಟೇ, ಆ ನೀರು ಹೊರಗೆ ಹೋಗುವಾಗ ಕಾಂಕ್ರೀಟ್ ಕುಗ್ಗುತ್ತೆ. ಪಾತಿ ಕಟ್ಟಿ ನೀರು ನಿಲ್ಲಿಸೋದು ಇದಕ್ಕೇ. ಐಎಸ್ 456:2000 ಪ್ರಕಾರ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ್ದಕ್ಕೆ ಕನಿಷ್ಠ 10 ದಿನ ಕ್ಯೂರಿಂಗ್ ಆಗಬೇಕು. ಕಂಬಿಗೆ ತೊಂದರೆ ಇಲ್ಲದ ಕಡೆ 0.3 ಮಿ.ಮೀ. ಅಗಲದ ಬಿರುಕನ್ನು ಅದೇ ನಿಯಮ ಒಪ್ಪಿಕೊಳ್ಳುತ್ತೆ. ನೀರು, ಮಣ್ಣು ತಾಗುವ ಕಡೆ 0.2 ಮಾತ್ರ. ಯಾಕೆಂದರೆ ಬಿರುಕಲ್ಲಿ ನೀರಿಳಿದರೆ ಕಂಬಿ ತುಕ್ಕು ಹಿಡಿಯುತ್ತೆ, ತುಕ್ಕು ಊದಿಕೊಂಡು ಕಾಂಕ್ರೀಟನ್ನೇ ಒಳಗಿಂದ ಸೀಳುತ್ತೆ.

ತೊಂದರೆ ಏನಪ್ಪಾ ಅಂದ್ರೆ, ಯಾವ ಬಿರುಕು ಎಂಥದ್ದು ಅಂತ ಪುಟ್ಟಿಗೆ ಗೊತ್ತಾಗಲ್ಲ. ಎಲ್ಲಾನೂ ಒಂದೇ ಥರ ಬೆಳ್ಳಗೆ ಮಾಡುತ್ತೆ.

ನಮ್ಮ ಬಾಲ್ಕನಿಯ ಸೆಂಟ್ರಿಂಗ್ ಬಿಚ್ಚಿದ ಮೂರನೇ ದಿನ, ಮೇಲ್ಗಡೆ, ಗೋಡೆ ಪಕ್ಕದಲ್ಲೇ, ದಾರ ಹಿಡಿದು ಎಳೆದಂಗೆ ಒಂದು ಗೆರೆ ಕಾಣಿಸಿತು. ಏರ್ ಕ್ರ್ಯಾಕೇ, ಟೈಲ್ಸ್ ಹಾಕಿದ್ರೆ ಮುಚ್ಚೋಗುತ್ತೆ ಅಂದ ಮೇಸ್ತ್ರಿ. ಸಿವಿಲ್ ಓದಿದ ಹಾಸ್ಟೆಲ್ ಗೆಳೆಯನಿಗೆ ಫೋಟೋ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು: "ಮೊದ್ಲು ಕೆಳಗೆ ಸಪೋರ್ಟ್ ಕೊಡ್ಸು. ಅದರಡಿ ಯಾರನ್ನೂ ಬಿಡ್ಬೇಡ."

ರೂಮಿನ ಸ್ಲ್ಯಾಬು ಎರಡೂ ಕಡೆ ಗೋಡೆಗೆ ಆತುಕೊಂಡಿರುತ್ತೆ, ನಡುಮಧ್ಯ ಎಳೆತ ಬೀಳೋದು ತಳಕ್ಕೆ, ಹಾಗಾಗಿ ಕಂಬಿ ಕೆಳಗಿರಬೇಕು. ಬಾಲ್ಕನಿ ಒಂದೇ ಕಡೆ ಹಿಡಿದು ಚಾಚಿಕೊಂಡಿರುತ್ತೆ, ಎಳೆತ ಬೀಳೋದು ಮೇಲ್ಗಡೆ, ಅಲ್ಲಿ ಮುಖ್ಯ ಕಂಬಿ ಮೇಲಿರಬೇಕು. ಮೋಲ್ಡ್ ದಿನ ಬಾಂಡ್ಲಿ ಹೊತ್ತವರು ತುಳಿದುಕೊಂಡು ಓಡಾಡಿದರೆ ಆ ಕಂಬಿ ಕೆಳಗೆ ಕೂರುತ್ತೆ. ಒಡೆಸಿ ನೋಡಿದರೆ ನಮ್ಮದೂ ತಳ ಸೇರಿತ್ತು.

ಒಂದು ಗೆರೆ ಏನೆಲ್ಲ ಮಾಡುತ್ತೆ ನೋಡಿ. ಒಡೆಯೋ ಕೂಲಿ, ಮತ್ತೆ ಸೆಂಟ್ರಿಂಗ್ ಬಾಡಿಗೆ, ಇದಕ್ಕೆ ದುಡ್ಡು ಯಾರದು ಅಂತ ಮೇಸ್ತ್ರಿ ಜೊತೆ ಜಗಳ. ಕಾದು ಕಾದು ಟೈಲ್ಸ್‌ನವರು ಬೇರೆ ಕೆಲಸ ಹಿಡಿದರು. ಅಷ್ಟರಲ್ಲಿ ಆಷಾಢ ಬಂತು, ಗೃಹಪ್ರವೇಶ ಶ್ರಾವಣಕ್ಕೆ ಹೋಯ್ತು. ಅಚ್ಚು ಹಾಕಿಸಿದ ಪತ್ರಿಕೆಗಳೆಲ್ಲ ದಂಡ ಅಂತ ಅಮ್ಮ ಗೊಣಗಿದಳು. ಅಪ್ಪ ಹೇಳಿದ್ದು ಒಂದೇ ಮಾತು: "ಮಕ್ಳು ಅಲ್ಲೇ ನಿಂತ್ಕೊಂಡು ಆಡ್ತಿದ್ವು ಕಣಮ್ಮಿ."

ಹಳ್ಳಿ ಮೇಸ್ತ್ರಿಗೆ ಏನು ಗೊತ್ತಾಗುತ್ತೆ ಅನ್ನಬೇಡಿ. ಅಮೆರಿಕದ ಮಯಾಮಿಯಲ್ಲಿ ಫ್ಲೋರಿಡಾ ಇಂಟರ್‌ನ್ಯಾಷನಲ್ ಯೂನಿವರ್ಸಿಟಿ ಹತ್ತಿರ 950 ಟನ್ನಿನ ಕಾಲ್ಸೇತುವೆ ಕಟ್ಟುತ್ತಿದ್ದರು. ಬಿರುಕುಗಳ ಫೋಟೋ ಎಲ್ಲರ ಹತ್ತಿರಾನೂ ಇತ್ತು. 2018ರ ಮಾರ್ಚ್ 13ಕ್ಕೆ ಎಂಜಿನಿಯರೊಬ್ಬರು ಸಾರಿಗೆ ಇಲಾಖೆಗೆ ವಾಯ್ಸ್‌ಮೇಲ್ ಬಿಟ್ಟರು: ಬಿರುಕಿದೆ, ಆದರೆ ಸುರಕ್ಷತೆಗೆ ತೊಂದರೆ ಇಲ್ಲ ಅಂತ. 15ರ ಬೆಳಗ್ಗೆ ಮೀಟಿಂಗಿನಲ್ಲೂ ಅದೇ ಮಾತು. ರಸ್ತೆ ಮುಚ್ಚಲಿಲ್ಲ. ಮಧ್ಯಾಹ್ನ ಸೇತುವೆ ಕುಸಿದು 6 ಜನ ಸತ್ತರು. ಆ ವಾಯ್ಸ್‌ಮೇಲ್ ಕೇಳಿಸಿಕೊಂಡಿದ್ದು 16ಕ್ಕೆ. ಒಪ್ಪಬಹುದಾದ ಅಳತೆಗಿಂತ 40 ಪಟ್ಟು ದೊಡ್ಡ ಬಿರುಕುಗಳಿದ್ದವು ಅಂತ ಆಮೇಲೆ ತನಿಖೆ ಹೇಳಿತು.

ನಮ್ಮ ಕೆಲಸದಲ್ಲೂ ಲಾಗ್ ತುಂಬ ವಾರ್ನಿಂಗ್ ಇರುತ್ತೆ. ದಿನಾ ನೋಡಿ ನೋಡಿ ಕಣ್ಣಿಗೇ ಬೀಳದಂಗಾಗುತ್ತೆ. ಬಿರುಕೂ ಹಂಗೇ. ಇರೋದು ತಪ್ಪಲ್ಲ, ಓದದೇ ಮುಚ್ಚೋದು ತಪ್ಪು.

ನೀವೂ ಮನೆ ಕಟ್ಟಿಸ್ತಿದ್ರೆ ಒಂದು ಪೆನ್ಸಿಲ್ ಜೇಬಲ್ಲಿಟ್ಟುಕೊಳ್ಳಿ. ಬಿರುಕಿನ ಎರಡೂ ತುದಿಗೆ ಗೀಟು ಹಾಕಿ, ಪಕ್ಕದಲ್ಲಿ ತಾರೀಖು ಬರೀರಿ. ಗೀಟು ದಾಟಿ ಬೆಳೆದರೆ ತಡ ಮಾಡದೆ ಎಂಜಿನಿಯರನ್ನ ಕರೆಸಿ. ಬಾಲ್ಕನಿ ಬುಡದಲ್ಲಿ ಬಂದಿದ್ದರೆ ಮಾತ್ರ ಬೆಳೆಯೋವರೆಗೂ ಕಾಯಬೇಡಿ.