ಲಾರಿಗೆ ಹಾಕಬಾರದ ಚೀಲ

ವರ್ಗದ ಆರ್ಡರು ಬಂದ ದಿನ ಗಂಡಸರು ಹೊಸ ಊರಿನ ಆಫೀಸು ಹೇಗಿದೆಯೋ ಎಂದು ಯೋಚಿಸುತ್ತಾರೆ. ನಾವು ಹೆಂಗಸರು ಅಡಿಗೆಮನೆಯ ಅಟ್ಟದ ಕಡೆ ನೋಡಿ ನಿಟ್ಟುಸಿರು ಬಿಡುತ್ತೇವೆ. ಹೌದೋ ಅಲ್ಲವೋ, ನೀವೇ ಹೇಳಿ!

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ನಮ್ಮವರಿಗೆ ವಿಜಯಪುರದಿಂದ ಕುಂದಾಪುರಕ್ಕೆ ವರ್ಗವಾಯಿತು. ಹತ್ತಿರ ಹತ್ತಿರ 500 ಕಿಲೋಮೀಟರು. ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆಯ ಬಳಿ ಕರಾವಳಿಯ ಹೆದ್ದಾರಿ ಹಿಡಿಯಬೇಕು. ಮನೆಯಲ್ಲಿ ನಾವಿಬ್ಬರು, ಒಂಬತ್ತನೇ ಕ್ಲಾಸಿಗೆ ಹೋಗಬೇಕಾದ ಮಗಳು, ಎಪ್ಪತ್ತು ದಾಟಿದ ಅತ್ತೆ. ಕೈಯಲ್ಲಿದ್ದದ್ದು ಹತ್ತೇ ದಿನ.

ನಾನು ಒಂದು ನೂರು ಪುಟದ ನೋಟ್‌ಬುಕ್ ತಂದು ಪಟ್ಟಿ ಮಾಡಲು ಕುಳಿತೆ. ಜಂಬ ಅಂದುಕೊಳ್ಳಬೇಡಿ, ಪಟ್ಟಿ ಚೆನ್ನಾಗಿಯೇ ಇತ್ತು. ನಿಮಗೂ ಉಪಯೋಗಕ್ಕೆ ಬಂದೀತು, ಕೇಳಿ.

ಮೊದಲು ಲಾರಿ. ಕರಾವಳಿಯಿಂದ ಸಾಮಾನು ತಂದು ಖಾಲಿ ಹಿಂದಿರುಗುವ ಲಾರಿ ಸಿಕ್ಕರೆ ಬಾಡಿಗೆ ಬಹಳ ಕಡಿಮೆಯಾಗುತ್ತದೆ. ಹಮಾಲಿ, ಟೋಲು, ಲಾರಿ ಕಾಯಬೇಕಾಗಿ ಬಂದರೆ ಅದರ ಹಣ, ಎಲ್ಲವೂ ಬಾಡಿಗೆಯಲ್ಲಿ ಸೇರಿದೆಯೇ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಜೂನಿನಲ್ಲಿ ಘಟ್ಟದ ಕೆಳಗೆ ಮಳೆ. ತಾಡಪಾಲು ತೂತಿಲ್ಲದ್ದೇ ಎಂದು ಕಣ್ಣಾರೆ ನೋಡಿ. ಡಬ್ಬಿಗಳಿಗೆಲ್ಲ ನಂಬರು ಹಾಕಿ, ಪಟ್ಟಿಯ ಒಂದು ಪ್ರತಿ ಡ್ರೈವರಿಗೆ, ಒಂದು ನಿಮಗೆ. ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್ಲು ಬೇಕಿಲ್ಲ, ಆದರೂ ದಾರಿಯಲ್ಲಿ ಯಾರಾದರೂ ಕೇಳಿದರೆ ತೋರಿಸಲು ಈ ಪಟ್ಟಿ ಇರಲಿ.

ತುಂಬಿದ ಗ್ಯಾಸ್ ಸಿಲಿಂಡರನ್ನು ಲಾರಿಗೆ ಏರಿಸಲೇಬೇಡಿ. ಸಿಲಿಂಡರು, ರೆಗ್ಯುಲೇಟರು ಎರಡನ್ನೂ ಏಜೆನ್ಸಿಗೆ ಒಪ್ಪಿಸಿ, ಠೇವಣಿ ವಾಪಸು ಪಡೆದು, ಅವರು ಕೊಡುವ ಚೀಟಿ ಜೋಪಾನ ಮಾಡಿ. ಹೊಸ ಊರಿನಲ್ಲಿ ಅದನ್ನು ತೋರಿಸಿಯೇ ಕನೆಕ್ಷನ್ ಪಡೆಯಬೇಕು. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ನೀರು ಒರೆಸಿ, ಲಾರಿಯಲ್ಲಿ ನಿಲ್ಲಿಸಿಯೇ ಸಾಗಿಸಿ. ಇಳಿಸಿದ ಕೂಡಲೇ ಸ್ವಿಚ್ ಹಾಕದೆ ಕೆಲವು ತಾಸು ಬಿಡಿ. ದಾರಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಸಾಕು. ಎರಡು ದಿನ ಏನೂ ಆಗುವುದಿಲ್ಲ.

ಇಷ್ಟೆಲ್ಲ ಬರೆದವಳು ಒಂದು ಕೆಲಸ ಮಾಡಲಿಲ್ಲ. ಅತ್ತೆಯವರನ್ನು ಏನೂ ಕೇಳಲಿಲ್ಲ.

ಅವರಾಗಿಯೇ ಒಂದು ಸಲ ಬಾಯಿಬಿಟ್ಟಿದ್ದರು. ಹಿತ್ತಲಲ್ಲಿದ್ದ ಬೀಸುಕಲ್ಲು ಅವರ ತವರಿನದು. “ಅದನ್ನೂ ಒಯ್ಯೂಣೇನು?” ಎಂದರು. ನನಗೋ ತಲೆ ಕೆಟ್ಟುಹೋಗಿತ್ತು. “ಅತ್ತೀ, ಕಲ್ಲು ಹೊತಗೊಂಡು ಹೋದ್ರ ಬಾಡಿಗಿ ಎಷ್ಟಾಗ್ತದ? ನೀವು ಸುಮ್ಮ ಕೂಡ್ರಿ, ನಾ ಎಲ್ಲಾ ಬರಕೊಂಡೀನಿ” ಅಂದುಬಿಟ್ಟೆ. ಕಲ್ಲನ್ನು ಪಕ್ಕದ ಮನೆಯವರಿಗೆ ಕೊಟ್ಟೆ. ಆಮೇಲೆ ಅವರು ಮಾತಾಡಲಿಲ್ಲ.

ಲಾರಿ ಬೆಳಿಗ್ಗೆ ಹತ್ತಕ್ಕೆ ತುಂಬಿ ಹೊರಟಿತು. ನಾವು ಬಾಡಿಗೆ ಕಾರಿನಲ್ಲಿ ಹೊರಟು ಸಂಜೆ ಹುಬ್ಬಳ್ಳಿಯ ನನ್ನ ಅಕ್ಕನ ಮನೆಯಲ್ಲಿ ಇಳಿದೆವು. ಕೈಕಾಲು ತೊಳೆದು ಊಟಕ್ಕೆ ಎಲೆ ಹಾಕುವ ಹೊತ್ತು. ಅತ್ತೆಯವರಿಗೆ ಎರಡು ಹೊತ್ತೂ ಊಟದ ಮುಂಚೆ ಇನ್ಸುಲಿನ್ ಇಂಜೆಕ್ಷನ್ ಆಗಬೇಕು. ಚೀಲ ಹುಡುಕಿದರೆ ಇಲ್ಲ! ಔಷಧಿ, ಸಿರಿಂಜು, ಡಾಕ್ಟರ ಚೀಟಿಗಳು, ಎಲ್ಲಾ ಒಂದೇ ವಯರ್ ಬುಟ್ಟಿಯಲ್ಲಿ. ಕೈಯಲ್ಲೇ ಒಯ್ಯಬೇಕೆಂದು ಅಡಿಗೆಕಟ್ಟೆಯ ಮೇಲೆ ಇಟ್ಟಿದ್ದೆ. “ಅಡಿಗೆಮನೆಯದೆಲ್ಲ ಹಾಕಿರಿ” ಎಂದು ಹಮಾಲರಿಗೆ ಹೇಳಿದವಳೂ ನಾನೇ.

ಡ್ರೈವರಿಗೆ ಫೋನು ಮಾಡಿದೆವು. ಲಾರಿ ಅರಬೈಲು ಘಟ್ಟದಲ್ಲಿ ಕೆಟ್ಟು ನಿಂತಿದೆ, ಮೆಕ್ಯಾನಿಕ್ ಬರುವುದು ನಾಳೆ ಎಂದ. ಹೊರಗೆ ಧೋ ಎಂದು ಮಳೆ. ಔಷಧಿ ಅಂಗಡಿಯವರು “ಯಾವ ಇನ್ಸುಲಿನ್, ಎಷ್ಟು ಯೂನಿಟ್?” ಎಂದು ಕೇಳಿದರೆ ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ದಿನಾ ಕೊಡುತ್ತಿದ್ದವಳು ನಾನೇ. ಸಿರಿಂಜಿನ ಗೆರೆ ಗೊತ್ತಿತ್ತೇ ಹೊರತು ಹೆಸರು ಗೊತ್ತಿರಲಿಲ್ಲ! ಕೊನೆಗೆ ಮಗಳು ವಿಜಯಪುರದ ನಮ್ಮ ಮಾಮೂಲಿ ಅಂಗಡಿಗೆ ಫೋನು ಮಾಡಿ ಹಳೆಯ ಬಿಲ್ಲು ನೋಡಿಸಿದಳು. ಅಕ್ಕನ ಬೀದಿಯ ಡಾಕ್ಟರು ಸಕ್ಕರೆ ಪರೀಕ್ಷೆ ಮಾಡಿ ಚೀಟಿ ಬರೆದುಕೊಟ್ಟರು. “ಸೀಸೆ ಮಿಲಿಗೆ 40 ಯೂನಿಟ್ಟಿನದಾದರೆ 40ರ ಸಿರಿಂಜೇ ಬೇಕು. 100ರದ್ದು ಬೇರೆ. ಇದರಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ” ಎಂದು ಎರಡೆರಡು ಸಲ ಹೇಳಿದರು. ಅತ್ತೆಯವರು ಉಣ್ಣುವಾಗ ಹತ್ತೂವರೆ. ಅಲ್ಲಿಯತನಕ ಆ ಹಿರಿಜೀವ ಗೋಡೆಗೆ ಒರಗಿ ಕೂತಿತ್ತು.

ರಾತ್ರಿ ಹಾಸಿಗೆ ಹಾಸುವಾಗ ಕೇಳಿದೆ, “ಬುಟ್ಟಿ ಒಯ್ಯೂದು ನೀವು ನೋಡ್ಲಿಲ್ಲೇನು ಅತ್ತೀ?”

“ನೋಡಿದ್ನೆವ್ವಾ. ನೀ ಎಲ್ಲಾ ಬರಕೊಂಡೀದಿ, ಅದನೂ ಬರದಿರಬೇಕು ಅಂತ ಸುಮ್ಮಾದೆ.”

ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಸುಮ್ಮನಿರಿ ಎಂದವಳು ನಾನು, ಸುಮ್ಮನಿದ್ದರು ಅವರು. ತಪ್ಪು ಯಾರದು, ನೀವೇ ಹೇಳಿ.

ಲಾರಿ ಬಂದದ್ದು ಮೂರನೇ ದಿನ. ಡಬ್ಬಿಗಳ ಲೆಕ್ಕ ಸರಿಯಾಗಿತ್ತು, ಒಂದು ಲೋಟವೂ ಒಡೆದಿರಲಿಲ್ಲ. ಬಿಸಿಲಿಗೆ ಸಿಕ್ಕ ಇನ್ಸುಲಿನ್ ಮಾತ್ರ ಎಸೆಯಬೇಕಾಯಿತು. ಇನ್ಸುಲಿನ್ನನ್ನು ಸೆಕೆಗೂ ಬಿಡಬಾರದು, ಮಂಜುಗಡ್ಡೆಗೂ ತಾಗಿಸಬಾರದಂತೆ.

ಆದ್ದರಿಂದ ಗೆಳತಿಯರೇ, ಲಾರಿ ಬರುವ ಮುಂಚೆಯೇ ಒಂದು ಕೈಚೀಲ ತುಂಬಿ, ಮನೆಯವರೊಬ್ಬರ ಹೆಗಲಿಗೇ ಹಾಕಿಬಿಡಿ. ಒಂದು ವಾರದ ಔಷಧಿ, ಡಾಕ್ಟರ ಚೀಟಿ, ಅದರ ಫೋಟೋ ಎರಡು ಫೋನುಗಳಲ್ಲಿ, ಮಕ್ಕಳ ಟಿ.ಸಿ., ಗ್ಯಾಸಿನ ಚೀಟಿ, ಬ್ಯಾಂಕಿನ ಪುಸ್ತಕ, ಒಡವೆ. ಇವು ಲಾರಿ ಹತ್ತಬಾರದು.

ಪಟ್ಟಿ ಮುಗಿದ ಮೇಲೆ ಅದನ್ನು ಮನೆಯ ಹಿರಿಯರ ಮುಂದೆ ಗಟ್ಟಿಯಾಗಿ ಓದಿ. “ಏನಾದರೂ ಬಿಟ್ಟಿದೆಯೇ?” ಎಂದು ಕೇಳಿ, ಉತ್ತರ ಬರುವತನಕ ಕಾಯಿರಿ. ಅದಕ್ಕೆ ಬಾಡಿಗೆಯಿಲ್ಲ, ಹಮಾಲಿಯೂ ಇಲ್ಲ.

ಅಂದಹಾಗೆ, ಪಕ್ಕದ ಮನೆಯವರು ಒಳ್ಳೆಯವರು, ಕೇಳಿದ ಕೂಡಲೇ ಕಲ್ಲು ಹಿಂದೆ ಕೊಟ್ಟರು. ದೀಪಾವಳಿಗೆ ಬಂದ ಮೈದುನ ಅದನ್ನು ಕಾರಿನ ಡಿಕ್ಕಿಯಲ್ಲಿ ತಂದ. ಈಗ ಹಿಂದಿನ ಜಗಲಿಯ ಮೇಲಿದೆ. ಅತ್ತೆಯವರು ಆಗಾಗ ಅದರಲ್ಲಿ ಒಂದು ಹಿಡಿ ಜೋಳ ಬೀಸುತ್ತಾರೆ. ಮುಂದಿನ ವರ್ಗಕ್ಕೆ ಪಟ್ಟಿಯ ಮೊದಲನೇ ಸಾಲು ಅದೇ.