ಶಬ್ದಕ್ಕೂ ಒಂದು ದರ

ಬ್ಯಾಡಗಿಯವರಿಗೆ ಟೆಂಡರು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸೋಮವಾರ, ಗುರುವಾರ ಬಂತೆಂದರೆ ಮಾರುಕಟ್ಟೆಯ ಪ್ರಾಂಗಣವೆಲ್ಲ ಕೆಂಪು. ಖರೀದಿದಾರರು ಚೀಲಕ್ಕೆ ಕೈಹಾಕಿ, ಒಂದು ಕಾಯಿ ಮುರಿದು ನೋಡಿ, ಮನಸ್ಸಿನಲ್ಲೇ ದರ ಕಟ್ಟುತ್ತಾರೆ. ಮೊದಲು ಅದನ್ನು ಚೀಟಿಯಲ್ಲಿ ಬರೆದು ಹಾಕುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಯಾರದು ಹೆಚ್ಚೋ ಅವರಿಗೆ ಮಾಲು. ಡಬ್ಬಿಗೆ ಒಂದು ದರ, ಕಡ್ಡಿಗೆ ಒಂದು ದರ. ಆದರೆ ಶಬ್ದಗಳಿಗೂ ಹೀಗೆಯೇ ಟೆಂಡರು ನಡೆಯುತ್ತದೆ ಎಂಬುದು ನನಗೆ ತಿಳಿದದ್ದು 2009ರಲ್ಲಿ, ನನ್ನ ಅಣ್ಣನ ಮಗನ ಬಾಯಿಂದ.

ಅವನು ಆಗ ಬೆಂಗಳೂರಿನ ಒಂದು ಚಿಕ್ಕ ಕಂಪನಿಯಲ್ಲಿದ್ದ. 2008ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿತು. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಲೆಕ್ಕವೇ ಸುಳ್ಳೆಂದು ಹೊರಬಿತ್ತು. ಇದೆಲ್ಲ ನಮಗೆ ಪೇಪರಿನ ಸುದ್ದಿ. ಆದರೆ ಆ ವರ್ಷ ಯುಗಾದಿಗೆಂದು ಊರಿಗೆ ಬಂದ ಹುಡುಗ ಮರಳಿ ಹೋಗಲಿಲ್ಲ. ಅವನ ಅವ್ವ ಕೇಳಿದವರಿಗೆಲ್ಲ “ರಜಾ ಹಾಕ್ಯಾನ” ಎನ್ನುತ್ತಿದ್ದಳು. ಎರಡು ತಿಂಗಳ ರಜೆ ಯಾವ ಕಂಪನಿ ಕೊಡುತ್ತದೆಂದು ನೆರೆಯವರೂ ಕೇಳಲಿಲ್ಲ. ಸಣ್ಣ ಊರಿನ ಜನಕ್ಕೆ ಅಷ್ಟು ಮರ್ಯಾದೆ ಇದೆ.

ಕೆಲಸ ಕಳೆದುಕೊಂಡ ಇನ್ನಿಬ್ಬರು ಗೆಳೆಯರೊಡನೆ ಸೇರಿ ಅವನು ಒಂದು ಹೊಸ ಉದ್ಯೋಗದ ಕನಸು ಕಟ್ಟಿದ. ಕನ್ನಡದಲ್ಲಿ ಕೇಳಿದ್ದನ್ನು ಕನ್ನಡದಲ್ಲಿಯೇ ಹುಡುಕಿಕೊಡುವ ಯಂತ್ರ. ನಾನು ಕನ್ನಡ ಟೀಚರ್ ಎಂದು ನನ್ನ ಬಳಿ ಬಂದ. ಹುಡುಕುವ ಯಂತ್ರವೆಂದರೆ ಬೇರೆ ಏನಲ್ಲ, ದಪ್ಪ ಪುಸ್ತಕಗಳ ಕೊನೆಯಲ್ಲಿ ಯಾವ ಶಬ್ದ ಯಾವ ಪುಟದಲ್ಲಿದೆ ಎಂದು ಕೊಡುತ್ತಾರಲ್ಲ, ಅಂಥದೇ ಒಂದು ಸೂಚಿ. ಇಂಗ್ಲಿಷಿಗೆ ಅದು ಸಲೀಸು. ನಮ್ಮಲ್ಲಿ ‘ಮನೆ’ ಎಂದು ಹುಡುಕಿದರೆ ಮನೆಗೆ, ಮನೆಯಿಂದ, ಮನೆಯಲ್ಲಿಯೂ, ಮನೆಗಳವರೆಗೆ ಎಲ್ಲ ಸಿಗಬೇಕು. ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿಸುವಾಗ ಇದರಿಂದ ಏನು ಉಪಯೋಗ ಎಂದು ಮಕ್ಕಳು ಮುಖ ಸೊಟ್ಟ ಮಾಡುತ್ತಾರೆ, ಉಪಯೋಗ ಇಲ್ಲಿತ್ತು! ನಮ್ಮೂರಿನ ಹೆಸರನ್ನೇ ಜನ ಬ್ಯಾಡಗಿ, ಬ್ಯಾಡ್ಗಿ, ಬ್ಯಾಡಿಗಿ, ಬ್ಯಾಡಿಗೆ ಎಂದು ಬಗೆಬಗೆಯಾಗಿ ಬರೆಯುತ್ತಾರೆ. ಇದಕ್ಕಿಂತ ದೊಡ್ಡ ತೊಡಕು ಅಕ್ಷರದ್ದು. ಬರಹ, ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ನಮ್ಮ ಕಣ್ಣಿಗೆ ಕನ್ನಡ ಕಂಡರೂ ಯಂತ್ರದ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್ ಬಳಸದ ತಾಣದಲ್ಲಿ ಎಷ್ಟು ಚೆಂದದ ಲೇಖನವಿದ್ದರೂ ಹುಡುಕುವವನ ಪಾಲಿಗೆ ಅದು ಇಲ್ಲ.

ಬೇಸಿಗೆ ರಜೆಯೆಲ್ಲ ಕೂತು ನಾನು 200 ಪುಟದ ನೋಟುಬುಕ್ಕಿನ ತುಂಬ ಶಬ್ದರೂಪಗಳನ್ನು ಬರೆದುಕೊಟ್ಟೆ. ಅಣ್ಣ ಒಳ್ಳೆಯ ದರ ಬರಲೆಂದು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದ ಮೂವತ್ತು ಚೀಲ ಮೆಣಸಿನಕಾಯಿಯನ್ನು ದರ ಬರುವ ಮೊದಲೇ ತೆಗೆದು ಮಾರಿದ. ಮಗನಿಗೆ ಒಂದು ಮಾತೂ ಹೇಳಲಿಲ್ಲ.

“ಅಲ್ಲಪಾ, ಹುಡುಕಿಕೊಟ್ಟಿದ್ದಕ್ಕ ನಿನಗ ರೊಕ್ಕಾ ಕೊಡವರು ಯಾರು?” ಎಂದು ಒಂದು ದಿನ ಕೇಳಿದೆ.

“ಅತ್ತಿ, ಹುಡುಕಿಕೊಡೂದಕ್ಕ ಯಾರೂ ಕೊಡೂದಿಲ್ಲ. ಹುಡುಕೂ ಮಂದಿ ಕಣ್ಣಮುಂದ ನಿಲ್ಲಾಕ ಕೊಡ್ತಾರ” ಎಂದ. ಆಮೇಲೆ ಶಬ್ದಗಳ ಟೆಂಡರನ್ನು ವಿವರಿಸಿದ. ಯಾರಾದರೂ ‘ವಿಮೆ’ ಎಂದು ಹುಡುಕಿದಾಗ ತನ್ನ ಜಾಹೀರಾತು ಮೇಲೆ ಬರಲೆಂದು ವಿಮೆಯವನು ಆ ಶಬ್ದಕ್ಕೆ ದರ ಕೂಗುತ್ತಾನೆ. 1998ರಲ್ಲಿ ಗೋಟು ಎಂಬ ಅಮೆರಿಕನ್ ಕಂಪನಿ ಇದನ್ನು ಶುರುಮಾಡಿತು. ಗೂಗಲ್ ಹುಟ್ಟಿದ್ದೂ ಅದೇ ವರ್ಷ. 2000ದ ಮಾರ್ಚಿನ ನಂತರ ಡಾಟ್ ಕಾಮ್ ಕಂಪನಿಗಳು ಸಾಲುಸಾಲಾಗಿ ನೆಲಕಚ್ಚಿದಾಗ ಗೂಗಲ್ಲನ್ನು ಉಳಿಸಿದ್ದು ಜಾಹೀರಾತು. 2002ರಲ್ಲಿ ಅದೂ ಶಬ್ದಗಳನ್ನು ಸವಾಲಿಗೆ ಇಟ್ಟಿತು. ಅಲ್ಲಿಯ ಪದ್ಧತಿ ಮಾತ್ರ ಬೇರೆ. ಗೆದ್ದವನು ತಾನು ಕೂಗಿದಷ್ಟು ಕೊಡಬೇಕಿಲ್ಲ, ತನ್ನ ಕೆಳಗಿನವನನ್ನು ದಾಟಲು ಬೇಕಾದಷ್ಟು ಕೊಟ್ಟರೆ ಸಾಕು. ನಮ್ಮ ಖರೀದಿದಾರರಿಗೆ ಇದು ಗೊತ್ತಾದರೆ ಇಲ್ಲಿಯೂ ಜಾರಿಗೆ ತನ್ನಿ ಎಂದಾರು, ರೈತರು ಒಪ್ಪಲಿಕ್ಕಿಲ್ಲ.

“ಹಂಗಾದ್ರ ನಮ್ಮ ಶಬ್ದಕ್ಕ ಏನು ದರ ಐತಿ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಕನ್ನಡದ ಶಬ್ದಕ್ಕ ಟೆಂಡರ್ ಹಾಕವರ ಇಲ್ಲ ಅತ್ತಿ” ಎಂದ.

ಅದೇ ಗಂಟು. ಜಗತ್ತಿಗೆ ಕೈ ಬಿಗಿಯಾದಾಗ ಅಂಗಡಿಕಾರರು ಮೊದಲು ಕಡಿಮೆ ಮಾಡುವುದು ಜಾಹೀರಾತನ್ನು. ಅದರಲ್ಲಿಯೂ ಮೊದಲು ಬಿಡುವುದು ಸಣ್ಣ ಪೇಟೆಯನ್ನು. ಬೆಂಗಳೂರಿನಲ್ಲೇ ದೊಡ್ಡ ಉದಾಹರಣೆ ಇತ್ತು. ದಿಲ್ಲಿಯ ಐಐಟಿಯಲ್ಲಿ ಓದಿದ ಅನುರಾಗ್ ಡೋಡ್ ಮತ್ತು ಗೌರವ್ ಮಿಶ್ರಾ 2006ರಲ್ಲಿ ಗುರೂಜಿ ಡಾಟ್ ಕಾಮ್ ಆರಂಭಿಸಿದ್ದರು. ಸಿಕೋಯಾ ಕ್ಯಾಪಿಟಲ್ 70 ಲಕ್ಷ ಡಾಲರ್ ಹಾಕಿತ್ತು. ಭಾರತೀಯ ಭಾಷೆಗಳಲ್ಲಿ ಹುಡುಕುವ ಸೌಲಭ್ಯವನ್ನೂ ಅವರು ಕೊಟ್ಟರು. ಆದರೆ ಜನ ಅಲ್ಲಿಗೆ ಮುಗಿಬಿದ್ದದ್ದು ಸಿನಿಮಾ ಹಾಡು ಹುಡುಕಲು. 2010ರಲ್ಲಿ ಹಾಡುಗಳ ಹಕ್ಕಿನ ತಕರಾರು ಪೊಲೀಸರವರೆಗೆ ಹೋಗಿ, ಕೆಲ ಕಾಲದಲ್ಲಿ ಆ ತಾಣವೇ ಇಲ್ಲವಾಯಿತು. ಅಮೆರಿಕೆಯಲ್ಲಿ 2008ರ ಜುಲೈನಲ್ಲಿ ಗೂಗಲ್ಲಿಗೇ ಸಡ್ಡು ಹೊಡೆದ ಕ್ಯೂಲ್ ಎರಡು ವರ್ಷ ಬಾಳಿತು, ಅಷ್ಟೆ. ಇಷ್ಟು ಹಣವಿದ್ದವರ ಗತಿಯೇ ಹೀಗಾದರೆ ಮೂವತ್ತು ಚೀಲ ಎಷ್ಟು ದಿನ ಬಂದೀತು? ದೀಪಾವಳಿ ಹೊತ್ತಿಗೆ ಹುಡುಗರು ಚದುರಿದರು. ನಮ್ಮವನು ಪುಣೆಯಲ್ಲಿ ಬೇರೆ ಕೆಲಸ ಹಿಡಿದ. ನೋಟುಬುಕ್ಕು ನನ್ನ ಕಪಾಟಿನಲ್ಲಿ ಉಳಿಯಿತು.

ಕನ್ನಡಕ್ಕೆ ಬುದ್ಧಿ ಇರಲಿಲ್ಲ, ಯಂತ್ರ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೊಳ್ಳುವವರು ಇರಲಿಲ್ಲ. ಜಾಹೀರಾತಿನಿಂದ ಗಳಿಸಲು ಗೂಗಲ್ ಹಿಂದಿಯ ತಾಣಗಳಿಗೇ ದಾರಿ ಮಾಡಿಕೊಟ್ಟದ್ದು 2014ರ ಕೊನೆಗೆ. 2023ರಲ್ಲಿ ಹೊಸ ಕಂಪನಿಗಳಿಗೆ ಮತ್ತೆ ಹಣದ ಬರ ಬಂದಾಗಲೂ ಭಾರತೀಯ ಭಾಷೆಗಳ ಯಂತ್ರಬುದ್ಧಿ ಕಟ್ಟಹೊರಟ ಬೆಂಗಳೂರಿನ ಸರ್ವಂ ಎಂಬ ಹೊಸ ಕಂಪನಿಗೆ ನಾಲ್ಕು ಕೋಟಿ ಡಾಲರಿಗೂ ಹೆಚ್ಚು ಸಿಕ್ಕಿತು. ಗಾಳಿ ತಿರುಗಿದೆ. ಅಣ್ಣನ ಮಗ ಆ ಸುದ್ದಿ ಕಳಿಸಿ, ಕೆಳಗೆ “ನಿನ್ನ ಬುಕ್ ಐತೇನ ಅತ್ತಿ?” ಎಂದಷ್ಟೇ ಬರೆದಿದ್ದ. ಐತಿ ಎಂದು ಉತ್ತರ ಬರೆದೆ.

ಈಚೆಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೆಣಸಿನ ಗಿಡದ ಎಲೆ ಮುರುಟಿಕೊಳ್ಳುವುದಕ್ಕೆ ಏನು ಮಾಡಬೇಕೆಂದು ಅಪ್ಪನ ಫೋನಿಗೆ ಕನ್ನಡದಲ್ಲಿಯೇ ಕೇಳಿದ್ದಳು. ಉತ್ತರ ಕನ್ನಡದಲ್ಲಿಯೇ ಬಂತಂತೆ. ಎಲ್ಲಕ್ಕೂ ಮೇಲೆ ಬಂದದ್ದು ಒಂದು ಔಷಧಿಯ ಹೆಸರು. ಅಪ್ಪ ಅದನ್ನೇ ತಂದು ಹೊಡೆದನಂತೆ. ಫೋನು ತರಿಸಿ ನೋಡಿದೆ. ಆ ಹೆಸರಿನ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’ ಎಂದಿತ್ತು. ತರಗತಿಯಲ್ಲಿ ಒಬ್ಬರಿಗೂ ಆ ಶಬ್ದದ ಅರ್ಥ ಗೊತ್ತಿರಲಿಲ್ಲ. ಅವತ್ತಿನ ವ್ಯಾಕರಣ ಬದಿಗಿಟ್ಟು, ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ.